ಚೆನ್ನೈನ ಮಾಜಿ ಮೇಯರ್ ಮತ್ತು ನನ್ನ ಬೆಳಗಿನ ಓಟ

ಹೊಸೂರಿನ ರಾಮನಾಯಕನ ಕೆರೆಯ ಬಳಿ ಬೆಳಿಗ್ಗೆ ಐದೂವರೆಗೆ ಶೂಗಳ ದಾರ ಬಿಗಿಯುವ ಮೊದಲು ನಾನು ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ಎಷ್ಟಿದೆಯೆಂದು ನೋಡಿಕೊಳ್ಳುತ್ತೇನೆ. ನೂರಕ್ಕಿಂತ ಕಡಿಮೆ ಇದ್ದರೆ, ಕಾಗದದಲ್ಲಿ ಸುತ್ತಿಟ್ಟುಕೊಂಡ ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಕಾಯುತ್ತೇನೆ. ಓಡುವಾಗ ಸ್ನಾಯುಗಳು ಇನ್ಸುಲಿನ್ನಿನ ನೆರವು ಹೆಚ್ಚಾಗಿ ಇಲ್ಲದೆಯೇ ರಕ್ತದ ಸಕ್ಕರೆಯನ್ನು ಹೀರಿಕೊಳ್ಳುತ್ತವೆ. ಓಟ ಮುಗಿದ ಮೇಲೂ ಕೆಲವು ಗಂಟೆಗಳವರೆಗೆ ಅದರ ಪರಿಣಾಮ ಉಳಿಯುವುದರಿಂದ, ಸಕ್ಕರೆ ಕಾಯಿಲೆಯವರಿಗೆ ಓಟ ಔಷಧವೂ ಹೌದು, ಎಚ್ಚರ ತಪ್ಪಿದರೆ ಅಪಾಯವೂ ಹೌದು.

ಈ ಅಭ್ಯಾಸಕ್ಕೆ ನನಗೆ ಧೈರ್ಯ ಕೊಟ್ಟವರು ಮಾ. ಸುಬ್ರಮಣಿಯನ್. 2006ರಿಂದ 2011ರವರೆಗೆ ಚೆನ್ನೈನ ಮೇಯರ್ ಆಗಿದ್ದು, 2021ರಲ್ಲಿ ತಮಿಳುನಾಡಿನ ಆರೋಗ್ಯ ಸಚಿವರಾದ ಅವರಿಗೂ ಸಕ್ಕರೆ ಕಾಯಿಲೆಯಿದೆ. 2004ರ ರಸ್ತೆ ಅಪಘಾತದಲ್ಲಿ ಮೊಣಕಾಲಿಗೆ ಬಲವಾದ ಪೆಟ್ಟು ಬಿದ್ದಿತ್ತು. ಆ ಕಾಲಿನಲ್ಲೇ ಅವರು ನೂರಕ್ಕೂ ಹೆಚ್ಚು ಅರ್ಧ ಮ್ಯಾರಥಾನ್‌ಗಳನ್ನು ಓಡಿದ್ದಾರೆ. ಅರ್ಧ ಮ್ಯಾರಥಾನ್ ಎಂದರೆ 21 ಕಿಲೋಮೀಟರ್ ಮತ್ತು ಮೇಲೆ ನೂರು ಮೀಟರ್‌ನಷ್ಟು. ಒಂದು ಸಲ ಓಡಿ ಪದಕ ಕೊರಳಿಗೆ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುವ ರಾಜಕಾರಣಿಗಳು ಬೇಕಾದಷ್ಟಿದ್ದಾರೆ. ನೂರು ಸಲ ಓಡಬೇಕಾದರೆ ಸಭೆ ತಡರಾತ್ರಿಗೆ ಮುಗಿದ ಮರುದಿನವೂ ಕತ್ತಲಿರುವಾಗಲೇ ಏಳಬೇಕು. ಮೊಣಕಾಲು ನೋಯುತ್ತದೆಂದು ನಾನು ವರ್ಷಗಟ್ಟಲೆ ಹೇಳಿಕೊಂಡು ಬಂದ ನೆಪ, ಅವರ ವಿಷಯ ತಿಳಿದ ಮೇಲೆ ನನಗೇ ಒಪ್ಪಿಗೆಯಾಗದಂತಾಯಿತು.

ಓಟಗಾರನಿಗೆ ಊರು ಅಂಗಾಲಿನಿಂದ ಅರ್ಥವಾಗುತ್ತದೆ. ಚರಂಡಿಯ ಮೇಲಿನ ಯಾವ ಕಲ್ಲು ಅಲುಗಾಡುತ್ತದೆ, ಯಾವ ತಿರುವಿನಲ್ಲಿ ಬೀದಿದೀಪ ಉರಿಯುವುದಿಲ್ಲ, ಕಾರ್ಖಾನೆಯ ಮೊದಲ ಪಾಳಿಗೆ ಹೊರಟ ಹೆಣ್ಣುಮಕ್ಕಳು ಬಸ್ಸಿಗಾಗಿ ಎಲ್ಲಿ ಕತ್ತಲಲ್ಲಿ ನಿಲ್ಲುತ್ತಾರೆ ಎಂಬುದೆಲ್ಲ ಕಾರಿನ ಗಾಜಿನ ಹಿಂದೆ ಕುಳಿತವರಿಗೆ ಕಾಣುವುದಿಲ್ಲ. ನಮ್ಮ ಹೊಸೂರು 2019ರಲ್ಲಿ ಮಹಾನಗರ ಪಾಲಿಕೆಯಾಯಿತು. 2022ರ ಚುನಾವಣೆಯ ನಂತರ ಮೊದಲ ಮೇಯರ್ ಬಂದರು. ಇಲ್ಲಿ ಮೇಯರ್ ಹುದ್ದೆ ಇನ್ನೂ ಹೊಸದು. ಯಾವ ಪಕ್ಷದವರೇ ಆಗಲಿ, ಆ ಕುರ್ಚಿಯಲ್ಲಿ ಕೂರುವವರು ವಾರಕ್ಕೊಮ್ಮೆ ಕೆರೆಯಿಂದ ಚಂದ್ರಚೂಡೇಶ್ವರ ಬೆಟ್ಟದ ಬುಡದವರೆಗಾದರೂ ಕಾಲ್ನಡಿಗೆಯಲ್ಲಿ ಬರಬೇಕೆಂಬುದು ನನ್ನ ಮನಸ್ಸಿನ ಆಸೆ.

ಓಡಲಾಗದವರನ್ನೂ ಸುಬ್ರಮಣಿಯನ್ ಮರೆಯಲಿಲ್ಲವೆಂದು ನನಗನ್ನಿಸುತ್ತದೆ. ಅವರು ಸಚಿವರಾಗಿದ್ದಾಗ, 2023ರ ನವೆಂಬರ್‌ನಲ್ಲಿ, ರಾಜ್ಯದ 38 ಜಿಲ್ಲೆಗಳಲ್ಲೂ ಎಂಟು ಕಿಲೋಮೀಟರ್‌ಗಳ ಆರೋಗ್ಯ ನಡಿಗೆಯ ದಾರಿಗಳನ್ನು ಗುರುತಿಸಲಾಯಿತು. ಅದಕ್ಕೂ ಮೊದಲು, 2021ರ ಆಗಸ್ಟ್ 5ರಂದು, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ಮಾತ್ರೆಗಳನ್ನು ಮನೆಬಾಗಿಲಿಗೇ ತಲುಪಿಸುವ ಯೋಜನೆಯನ್ನು ಮುಖ್ಯಮಂತ್ರಿ ಸ್ಟಾಲಿನ್ ಆರಂಭಿಸಿದ್ದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ದೊಡ್ಡ ಆಸ್ಪತ್ರೆ ಕಟ್ಟಿಸಿದರೆ ಅದರ ಉದ್ಘಾಟನೆಗೆ ಒಂದು ದಿನವಿರುತ್ತದೆ. ಇದು ಮಾತ್ರ ತಿಂಗಳು ತಿಂಗಳೂ ಅದೇ ಬಾಗಿಲಿಗೆ ಹೋಗಿ ನಿಲ್ಲಬೇಕಾದ ಕೆಲಸ. ದೂರದ ಓಟದ ಸ್ವಭಾವವೂ ಅದೇ.

ಹಳ್ಳಿಯಲ್ಲಿರುವ ನನ್ನ ತಾಯಿಯ ಬಳಿಗೆ ಈ ಮಾತ್ರೆಗಳನ್ನು ತರುವ ಹುಡುಗಿ ಮಾತನಾಡುವುದು ತಮಿಳಿನಲ್ಲಿ. ಅಮ್ಮ ಉತ್ತರಿಸುವುದು ಕನ್ನಡದಲ್ಲಿ. ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿ, ಅದನ್ನು ಬರೆದುಕೊಂಡು, ಹಿಂದಿನ ಮಾತ್ರೆಗಳು ಎಷ್ಟು ಉಳಿದಿವೆಯೆಂದು ಆಕೆ ಎಣಿಸುತ್ತಾಳೆ. ಕಳೆದ ಸಲ ನಾನೂ ಅಲ್ಲಿದ್ದೆ. ನಾಲ್ಕು ಮಾತ್ರೆ ಹೆಚ್ಚಾಗಿ ಉಳಿದಿದ್ದವು. "ನಾಲ್ಕು ದಿನ ಮರೆತುಬಿಟ್ಟೆ ಕಣಮ್ಮ" ಎಂದು ಅಮ್ಮ ತಲೆ ತಗ್ಗಿಸಿದರು. ಆಕೆ ಗದರಲಿಲ್ಲ, ಮಾತ್ರೆಗಳ ಹೊಸ ಪಟ್ಟಿಯ ಮೇಲೆ ಸೂರ್ಯನ ಚಿತ್ರವೊಂದನ್ನು ಪೆನ್ನಿನಲ್ಲಿ ಬಿಡಿಸಿ, ಅದನ್ನು ಕಾಫಿ ಡಬ್ಬಿಯ ಪಕ್ಕದಲ್ಲಿಟ್ಟು, ಮುಂದಿನ ಮನೆಯ ಕಡೆಗೆ ನಡೆದಳು.