ಕಿಟಕಿಯ ಸಂದಿಗೆ ಹೊಸ ಸೀಲೆಂಟ್

ಮಲಗುವ ಕೋಣೆಯ ಅಲ್ಯೂಮಿನಿಯಂ ಕಿಟಕಿಯ ಕೆಳಗೆ ಪ್ರತಿ ಮಳೆಗೂ ಗೋಡೆ ತೇವಗೊಂಡು ಬಣ್ಣ ಉಬ್ಬಿ ಉದುರುತ್ತಿತ್ತು. ಹಿಂದೆ ದುರಸ್ತಿಗೆ ಬಂದಿದ್ದವರು ಚೌಕಟ್ಟಿನ ಸುತ್ತ ಇದ್ದ ಹಳೆಯ ಸಿಲಿಕೋನ್ (ಸಂದು ಮುಚ್ಚಲು ಬಳಸುವ, ರಬ್ಬರಿನಂತೆ ಗಟ್ಟಿಯಾಗುವ ಸೀಲೆಂಟ್) ಮೇಲೆಯೇ ಹೊಸದನ್ನು ಬಳಿದು ಹೋಗಿದ್ದರು. ಒಮ್ಮೆ ಗಟ್ಟಿಯಾದ ಸಿಲಿಕೋನಿಗೆ ಹೊಸ ಸಿಲಿಕೋನ್ ಸಾಮಾನ್ಯವಾಗಿ ಭದ್ರವಾಗಿ ಅಂಟಿಕೊಳ್ಳುವುದಿಲ್ಲ. ಉಗುರಿನಿಂದ ಎಬ್ಬಿಸಿದೊಡನೆ ಮೇಲಿನ ಪದರ ಉದ್ದನೆಯ ಪಟ್ಟಿಯಾಗಿ ಸುಲಿದು ಬಂತು. ಇನ್ನೂ ಬೇಸರದ ಸಂಗತಿಯೆಂದರೆ, ಕಿಟಕಿ ಸರಿಯುವ ಹಳಿಯಲ್ಲಿ ಸೇರಿದ ನೀರು ಹೊರಹೋಗಲೆಂದೇ ಹೊರಮೈಯಲ್ಲಿ ಬಿಟ್ಟಿರುವ ಸಣ್ಣ ರಂಧ್ರಗಳನ್ನೂ ಅವರು ಸೋರಿಕೆಯ ಜಾಗವೆಂದು ಭಾವಿಸಿ ಮುಚ್ಚಿಬಿಟ್ಟಿದ್ದರು. ಹೋಗಲು ದಾರಿಯಿಲ್ಲದ ನೀರು ಗೋಡೆಯೊಳಗೆ ಇಳಿಯುತ್ತಿತ್ತು.

ಮಳೆ ಬಿಡುವು ಕೊಟ್ಟ ವಾರದ ಕೊನೆಯಲ್ಲಿ ಅಣ್ಣನೂ ನಾನೂ ಸೇರಿ ಕೆಲಸಕ್ಕೆ ಕುಳಿತೆವು. ಹಳೆಯದನ್ನು ತೆಗೆಯುವುದರಲ್ಲಿಯೇ ದಿನದ ಹೆಚ್ಚಿನ ಪಾಲು ಕಳೆಯಿತು. ಚಾಕುವಿನಿಂದ ಎರಡೂ ಅಂಚುಗಳನ್ನು ಕೊಯ್ದು, ಪಟ್ಟಿಯನ್ನು ಎಳೆದು ತೆಗೆದು, ಉಳಿದ ತೆಳುಪೊರೆಯನ್ನು ಕೆರೆದು, ಧೂಳು ಗುಡಿಸಿ, ಲೋಹದ ಮೈಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದೆವು. ನಾನು ಸೀಲೆಂಟ್ ಒತ್ತಿ ಹೊರಹಾಕುವ ಗನ್ ಕೈಗೆತ್ತಿಕೊಂಡಾಗ ಅಣ್ಣ, "ಸ್ವಲ್ಪ ತಾಳು, ಗಾರೆ ಇನ್ನೂ ಹಸಿಯಾಗಿದೆ," ಎಂದು ತಡೆದ. ಸೀಲೆಂಟ್ ಹಾಕುವ ಕೆಲಸದ ಬಹುಪಾಲು ಹೀಗೆ ಸೀಲೆಂಟ್ ಮುಟ್ಟುವ ಮೊದಲೇ ನಡೆಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಣಗುವಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಅಸಿಟಿಕ್ ಆಮ್ಲವನ್ನು ಹೊರಬಿಡುತ್ತದೆ. ಗಾಜಿಗೆ ಅದು ಚೆನ್ನಾಗಿಯೇ ಹಿಡಿಯುತ್ತದೆ, ಆದರೆ ಕ್ಷಾರಗುಣದ ಸಿಮೆಂಟಿಗೂ ಅಮೃತಶಿಲೆಗೂ ಕೆಲವು ಲೋಹಗಳಿಗೂ ಒಗ್ಗುವುದಿಲ್ಲ. ಆದ್ದರಿಂದ ನಾವು ಆಮ್ಲ ಬಿಡದ ನ್ಯೂಟ್ರಲ್ ಬಗೆಯದನ್ನು ಆರಿಸಿಕೊಂಡೆವು. ಒಳಗೋಡೆಯ ಕೂದಲೆಳೆಯಂಥ ಬಿರುಕಿಗೆ ಮಾತ್ರ ಬಣ್ಣ ಹಿಡಿಯುವ ಅಕ್ರಿಲಿಕ್ ಸೀಲೆಂಟ್ ಬಳಸಿದೆವು, ಏಕೆಂದರೆ ಸಿಲಿಕೋನ್ ಮೇಲೆ ಬಣ್ಣ ನಿಲ್ಲುವುದಿಲ್ಲ.

ಚೌಕಟ್ಟಿನ ಕೆಳಬದಿಯ ಸಂದು ಸುಮಾರು 12 ಮಿಲಿಮೀಟರ್ ಅಗಲವಿದ್ದು ಸಾಕಷ್ಟು ಆಳವಾಗಿತ್ತು. ಅದನ್ನು ಪೂರ್ತಿ ಸೀಲೆಂಟಿನಿಂದಲೇ ತುಂಬಿದರೆ ಭದ್ರವೆಂದು ತೋರುತ್ತದೆ, ವಾಸ್ತವ ಹಾಗಿಲ್ಲ. ಬಿಸಿಲಿಗೆ ಅಲ್ಯೂಮಿನಿಯಂ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಸೀಲೆಂಟ್ ಎರಡು ಪಕ್ಕಗಳಿಗೆ ಮಾತ್ರ ಅಂಟಿದ್ದರೆ ಅದರೊಂದಿಗೆ ಎಳೆಯಲ್ಪಟ್ಟು ಮರಳುತ್ತದೆ, ಹಿಂಬದಿಗೂ ಅಂಟಿದರೆ ಆ ಎಳೆತ ತಡೆಯಲಾರದೆ ಹರಿಯುತ್ತದೆ. ಆದ್ದರಿಂದ ಸಂದಿಗಿಂತ ತುಸು ದಪ್ಪನೆಯ, ಸೀಲೆಂಟ್ ಅಂಟದ ಫೋಮ್ ಹುರಿಯನ್ನು ಒಳಕ್ಕೆ ಒತ್ತಿ, ಅದರ ಮೇಲೆ ಅಗಲದ ಅರ್ಧದಷ್ಟು, ಅಂದರೆ 6 ಮಿಲಿಮೀಟರ್, ಆಳ ಉಳಿಸಿಕೊಂಡೆವು. ಎರಡೂ ಅಂಚಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, ನಳಿಕೆಯ ತುದಿಯನ್ನು ಓರೆಯಾಗಿ ಕತ್ತರಿಸಿ, ಗನ್ನಿನ ಒತ್ತಡ ಎಲ್ಲಿಯೂ ತುಂಡಾಗದಂತೆ ಒಂದೇ ಎಳೆಯಲ್ಲಿ ಸೀಲೆಂಟ್ ಸುರಿದೆ. ಅಣ್ಣ ಹಿಂದೆಯೇ ಬಂದು ಅದನ್ನು ಒಳಕ್ಕೆ ಒತ್ತಿ ಸವರಿದ. ಮೇಲೆ ಪೊರೆ ಕಟ್ಟುವ ಮೊದಲೇ ಟೇಪ್ ಬಿಚ್ಚಿದೆವು, ಇಲ್ಲವಾದರೆ ಅಂಚು ಹರಿದು ಬರುತ್ತಿತ್ತು.

ಸಿಲಿಕೋನ್ ಗಾಳಿಯ ತೇವಾಂಶದಿಂದ ಗಟ್ಟಿಯಾಗುತ್ತದೆ, ದಿನಕ್ಕೆ ಸಾಮಾನ್ಯವಾಗಿ 2ರಿಂದ 3 ಮಿಲಿಮೀಟರಿನಷ್ಟೇ. ಹಾಗಾಗಿ ಕೆಲವು ದಿನ ಆ ಕಿಟಕಿಯನ್ನು ಮುಟ್ಟಲಿಲ್ಲ. ಆಮೇಲೆ ಹಳಿಗೆ ಒಂದು ಚೊಂಬು ನೀರು ಹೊಯ್ದು ನೋಡಿದಾಗ, ಬಿಡಿಸಿದ ರಂಧ್ರಗಳಿಂದ ಅದೆಲ್ಲ ಹೊರಗೆ ಹರಿಯಿತು. ಗೋಡೆಗೆ ಬಣ್ಣ ಬಳಿಯಲು ಮಾತ್ರ ಅವಸರಪಡಲಿಲ್ಲ. ಒಳಗಿನ ಗಾರೆ ಪೂರ್ತಿ ಒಣಗುವವರೆಗೂ ಆ ಭಾಗವನ್ನು ಕೆರೆದು ಹಾಗೆಯೇ ಬಿಟ್ಟಿದ್ದೇವೆ.