ನಮ್ಮ ಗೇಟಿಂದ ಡೆಲ್ಲಿಗೆ ಎಷ್ಟಾಗತ್ತೆ

ಅಣ್ಣ ಮಿಲಿಟ್ರಿಲಿ, ಈಗ ಡೆಲ್ಲಿ ಪೋಸ್ಟಿಂಗು. ನವೆಂಬರಲ್ಲಿ ಮಗುಗೆ ಒಂದು ವರ್ಷ ತುಂಬತ್ತೆ, ಅಪ್ಪ, ಅಮ್ಮ, ನಾನು ಮೂರೂ ಜನ ಬರ್ಲೇಬೇಕು ಅಂತ ಅತ್ತಿಗೆ ಫೋನ್ ಮೇಲೆ ಫೋನು. ಅಪ್ಪಂದು ಒಂದೇ ಕಂಡೀಷನ್, ತುಲಾ ಸಂಕ್ರಮಣ ಕಳೀಬೇಕು, ಹುತ್ತರಿ ಹಬ್ಬದ ಒಳಗೆ ಮನೇಲಿರಬೇಕು, ಆಮೇಲೆ ಕಾಫಿ ಕುಯ್ಲು ಶುರುವಾದ್ರೆ ದೇವರು ಕರೆದ್ರೂ ಬರಲ್ಲ ಅಂತ.

ಹಂಗಾಗಿ ಆಗಸ್ಟಲ್ಲೇ ಒಂದು ಭಾನುವಾರ ಟಿಕೆಟ್ ನೋಡೋಕೆ ಕೂತ್ಕೊಂಡೆ. ಕೂತ್ಕೊಂಡೆ ಅಂದ್ರೆ ತಪ್ಪಾಗತ್ತೆ, ಹೊರಗೆ ಜೋರು ಮಳೆ, ಬೆಳಿಗ್ಗೆಯಿಂದ ಕರೆಂಟಿಲ್ಲ, ನೆಟ್‌ವರ್ಕ್ ಸಿಗೋದು ನಮ್ಮ ಗೇಟ್ ಹತ್ರ ಮಾತ್ರ, ಅಲ್ಲಿ ಜೀಪ್ ನಿಲ್ಸಿ ಅದರೊಳಗೆ ಕೂತು ಮೊಬೈಲ್ ಒತ್ತೋದು. ಪಕ್ಕದ ಸೀಟಲ್ಲಿ ಅಪ್ಪ, ಕೈಲಿ ಪೆನ್ನು ಮತ್ತೆ ಕಾಫಿ ತೂಕದ ಹಳೇ ಚೀಟಿ, ಅದರ ಹಿಂದೆ ಲೆಕ್ಕ ಬರೀತಾರಂತೆ.

ಕೊಡಗಲ್ಲಿ ರೈಲೂ ಇಲ್ಲ, ಏರ್‌ಪೋರ್ಟೂ ಇಲ್ಲ, ಅದಕ್ಕೆ ನಮಗೆ 'ಎಲ್ಲಿಂದ ಹತ್ತೋದು' ಅನ್ನೋದೇ ಮೊದಲನೇ ಪ್ರಶ್ನೆ. ನಾನು ಅಭ್ಯಾಸಬಲದಿಂದ ಬೆಂಗಳೂರು ಹಾಕ್ದೆ, ತಲೆಗೆ 4,850, ಬೆಳಿಗ್ಗೆ 6:10ರ ಫ್ಲೈಟು. ಕಣ್ಣೂರಿಂದ 6,900, ಅದೂ ಮುಂಬೈಯಲ್ಲಿ ಇಳಿದು ಬದಲಾಯಿಸಬೇಕು. ಬೆಂಗಳೂರೇ ಅಗ್ಗ ಅಪ್ಪಾ, ಒತ್ತಿ ಬಿಡ್ತೀನಿ ಅಂದೆ. ಅಪ್ಪ ಪೆನ್ನು ಎತ್ತಿ, "ಏರ್‌ಪೋರ್ಟಿಗೆ ಹೋಗೋಕೆ ಯಾರು ದುಡ್ಡು ಕೊಡ್ತಾರೆ, ಅವರೇ ಕೊಡ್ತಾರಾ?" ಅಂದ್ರು.

ನಮ್ಮ ವಿರಾಜಪೇಟೆಯಿಂದ ದೇವನಹಳ್ಳಿ ತನಕ ಅಂದ್ರೆ ಮುನ್ನೂರು ಕಿಲೋಮೀಟರ್ ಹತ್ರ ಹತ್ರ ಬರತ್ತೆ, ಬಾಡಿಗೆ ಗಾಡಿಗೆ ವಾಪಸ್ ಬರೋ ಕಿಲೋಮೀಟರೂ ನಮ್ಮದೇ ತಲೆ ಮೇಲೆ, ಟೋಲ್ ಬೇರೆ. ಪರಿಚಯದ ಡ್ರೈವರಿಗೆ ಅಲ್ಲಿಂದಲೇ ಫೋನ್ ಮಾಡಿದ್ವಿ, 8,500 ಅಂದ. ಕಣ್ಣೂರ್ ಏರ್‌ಪೋರ್ಟ್ ಇರೋದು ಮಟ್ಟನ್ನೂರಲ್ಲಿ, 2018ರ ಡಿಸೆಂಬರಲ್ಲಿ ಶುರುವಾಗಿದ್ದು, ಪೆರುಂಬಾಡಿ ದಾಟಿ ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ಮೇಲೆ ಹೋದ್ರೆ ನಮಗೆ ಅರವತ್ತು ಕಿಲೋಮೀಟರು. ಅದಕ್ಕೆ 2,400 ಅಂದ. ಅಪ್ಪ ಚೀಟಿ ಹಿಂದೆ ಬರೆದ್ರು: ಬೆಂಗಳೂರು 14,550 ಪ್ಲಸ್ 8,500, ಒಟ್ಟು 23,050. ಕಣ್ಣೂರು 20,700 ಪ್ಲಸ್ 2,400, ಒಟ್ಟು 23,100. ಐವತ್ತು ರೂಪಾಯಿ ವ್ಯತ್ಯಾಸ! ಆ ಐವತ್ತು ರೂಪಾಯಿಗೋಸ್ಕರ ಹಿಂದಿನ ದಿನ ರಾತ್ರಿ ಎಂಟಕ್ಕೇ ಹೊರಟು ಅಮ್ಮನ್ನ ಇಡೀ ರಾತ್ರಿ ಗಾಡೀಲಿ ಕೂರಿಸ್ಕೊಂಡು ಹೋಗಬೇಕಿತ್ತು. ಬಸ್ಸಲ್ಲಿ ಮೈಸೂರಿಗೆ ಹೋಗಿ ಅಲ್ಲಿಂದ ಏರ್‌ಪೋರ್ಟಿಗೆ ಹೋಗೋ ಫ್ಲೈಬಸ್ ಹಿಡಿದ್ರೆ ಖರ್ಚು ಕಮ್ಮಿ ಆಗ್ತಿತ್ತು ನಿಜ, ಒಬ್ಬನೇ ಆಗಿದ್ರೆ ನಾನು ಅದನ್ನೇ ಮಾಡ್ತಿದ್ದೆ, ಮಂಡಿ ನೋವಿರೋ ಅಮ್ಮನ ಜೊತೆ ಆಗಲ್ಲ.

ಅಷ್ಟರಲ್ಲಿ ಅಮ್ಮ ಕೊಡೆ ಹಿಡ್ಕೊಂಡು ಗೇಟ್ ತನಕ ಬಂದು, ಕಾಚಂಪುಳಿ (ಅಡುಗೆಗೆ ಹಾಕೋ ನಮ್ಮ ಕೊಡಗಿನ ಹುಳಿ) ಬಾಟ್ಲಿ, ಕರಿಮೆಣಸು, ಜೇನು, ಕಡುಬಿನ ತರಿ ಎಲ್ಲ ಸೇರಿ ಎಷ್ಟು ಕೆಜಿ ಬಿಡ್ತಾರೆ ಕೇಳು ಅಂದ್ಲು. ಆಗ್ಲೇ ನಾನು ಬೆಂಗಳೂರಿನ ಟಿಕೆಟನ್ನ ಬಿಡಿಸಿ ನೋಡಿದ್ದು. ಆ 4,850 ಬರೀ ಏಳು ಕೆಜಿ ಕೈಚೀಲದ ರೇಟು ಮಾರಾಯ್ರೆ, ಒಳಗೆ ಹಾಕೋ ಲಗೇಜಿಗೆ ಬೇರೆ ದುಡ್ಡು! ಕಣ್ಣೂರಿಂದ್ರಲ್ಲಿ ತಲೆಗೆ ಹದಿನೈದು ಕೆಜಿ ಸೇರಿತ್ತು. ಅಮ್ಮ ಕೇಳದೇ ಇದ್ದಿದ್ರೆ ಕೌಂಟರಲ್ಲಿ ನಿಂತು ಕಾಚಂಪುಳಿಗೆ ಕಾಚಂಪುಳಿ ರೇಟಿಗಿಂತ ಜಾಸ್ತಿ ಕೊಡ್ಬೇಕಾಗ್ತಿತ್ತು.

ಇನ್ನೊಂದು ವಿಷ್ಯ ಅವತ್ತು ಆಕಸ್ಮಿಕವಾಗಿ ಗೊತ್ತಾಯ್ತು. ನೆಟ್‌ವರ್ಕ್ ಹೋಗಿ ಬಂದಾಗ ಪ್ಯಾಸೆಂಜರ್ ಸಂಖ್ಯೆ ಒಂದಕ್ಕೆ ವಾಪಸ್ ಹೋಗಿತ್ತು, ಅದೇ ಕಣ್ಣೂರ್ ಫ್ಲೈಟು 6,450 ತೋರಿಸ್ತು. ಎರಡು ಅಂತ ಹಾಕ್ದೆ, ಆಗ್ಲೂ 6,450. ಮೂರು ಹಾಕಿದ ತಕ್ಷಣ ಎಲ್ಲರಿಗೂ 6,900. ವಿಮಾನದವರು ಒಂದು ರೇಟಿಗೆ ಇಷ್ಟು ಸೀಟು, ಅದರ ಮೇಲಿನ ರೇಟಿಗೆ ಇಷ್ಟು ಸೀಟು ಅಂತ ಗುಂಪು ಮಾಡಿ ಇಟ್ಟಿರ್ತಾರೆ, ಕೆಳಗಿನ ಗುಂಪಲ್ಲಿ ಎರಡೇ ಉಳಿದಿದ್ರೆ ಮೂರು ಕೇಳಿದವನಿಗೆ ಮೂರನ್ನೂ ಮೇಲಿನ ಗುಂಪಿಂದಲೇ ಕೊಡತ್ತೆ. ನಾನು ಅಪ್ಪ ಅಮ್ಮನ ಎರಡು ಟಿಕೆಟ್ ಮೊದಲು ಮಾಡಿ, ನಂದು ಬೇರೆ ಮಾಡಿದೆ, 900 ಉಳೀತು. ಪಿಎನ್‌ಆರ್ ಬೇರೆ ಬೇರೆ ಆಗತ್ತೆ ಅನ್ನೋದೊಂದು ತಲೆನೋವು, ಆದ್ರೂ ಒಂಬೈನೂರು ಒಂಬೈನೂರೇ. ಸೀಟ್ ಚಾರ್ಜು, ಇನ್ಶೂರೆನ್ಸು ಅಂತ ಮಧ್ಯ ಮಧ್ಯ ಬರ್ತಿದ್ದನ್ನೆಲ್ಲ ಬೇಡ ಬೇಡ ಅಂತ ಒತ್ತುತ್ತಾ ಹೋದೆ. ಕನ್ವೀನಿಯೆನ್ಸ್ ಫೀ ಮಾತ್ರ ಬಿಡ್ಲಿಲ್ಲ, ಯಾರಿಗೆ ಕನ್ವೀನಿಯೆನ್ಸೋ ಗೊತ್ತಿಲ್ಲ.

ಅವಸರದಲ್ಲಿ ಅಮ್ಮನ ಹೆಸರು ತಪ್ಪಾಯ್ತು. ಆಧಾರಲ್ಲಿ ಹೆಸರಿನ ಮುಂದೆ ಇನಿಷಿಯಲ್ಲು, ಟಿಕೆಟಲ್ಲಿ ಸರ್‌ನೇಮ್ ಕೇಳತ್ತೆ, ನಾನು ಮನೆ ಹೆಸರು ಹಾಕ್ಬಿಟ್ಟೆ. ವಿಮಾನ ಕಂಪನಿ ಸೈಟಲ್ಲೇ ಬುಕ್ ಮಾಡಿದ್ರಿಂದ ಇಪ್ಪತ್ನಾಲ್ಕು ಗಂಟೆ ಒಳಗೆ ಫೋನ್ ಮಾಡಿದ್ದಕ್ಕೆ ದುಡ್ಡಿಲ್ಲದೇ ಸರಿ ಮಾಡಿ ಕೊಟ್ರು.

ಹೋಟೆಲ್ ವಿಷ್ಯಕ್ಕೆ ಬಂದ್ರೆ ನಾನು ಸ್ವಲ್ಪ ಜಂಭ ಪಡಬಹುದು, ಯಾಕಂದ್ರೆ ನಮ್ಮದೇ ಎರಡು ರೂಮಿನ ಹೋಂಸ್ಟೇ ಇದೆ. ಗೆಸ್ಟು ಆಪಲ್ಲಿ 3,000 ಕೊಟ್ರೆ ನಮ್ಮ ಕೈಗೆ ಬರೋದು 2,500 ಚಿಲ್ರೆ, ಉಳಿದಿದ್ದು ಕಮಿಷನ್. ಅದಕ್ಕೇ ಯಾರಾದ್ರೂ ನೇರ ಫೋನ್ ಮಾಡಿದ್ರೆ ಅಮ್ಮ ಖುಷಿಯಾಗಿ 2,600ಕ್ಕೆ ಕೊಟ್ಟು ಸಾಯಂಕಾಲ ಕಾಫಿ ಜೊತೆ ಬಾಳೆಹಣ್ಣು ಬಜ್ಜೀನೂ ಮಾಡ್ತಾಳೆ. 'ಈ ರೇಟಿಗೆ ಒಂದೇ ರೂಮ್ ಬಾಕಿ' ಅಂತ ಕೆಂಪಕ್ಷರದಲ್ಲಿ ಬರತ್ತಲ್ಲ, ನಮ್ಮ ಹೋಂಸ್ಟೇಗೆ ಅದು ವರ್ಷವಿಡೀ ಬರತ್ತೆ! ನಾವು ಆಪಲ್ಲಿ ಹಾಕಿರೋದೇ ಒಂದು ರೂಮು, ಇನ್ನೊಂದು ಫೋನ್ ಗಿರಾಕಿಗಳಿಗೆ.

ಅಣ್ಣನ ಕ್ವಾರ್ಟರ್ಸ್ ಚಿಕ್ಕದು, ಅತ್ತಿಗೆ ಕಡೆಯವರೂ ಬರ್ತಾರೆ, ಅದಕ್ಕೆ ಕರೋಲ್ ಬಾಗಲ್ಲಿ ಮೂರು ಜನಕ್ಕೆ ಒಂದು ರೂಮು ನೋಡ್ದೆ, 3,400. ನೇರ ಫೋನ್ ಮಾಡಿ ನನ್ನ ಹರಕು ಹಿಂದೀಲಿ, ಭಯ್ಯಾ ನಮ್ಮದೂ ಇದೇ ಧಂದೆ, ನಿಮಗೆ ಕೈಗೆಷ್ಟು ಸಿಗತ್ತೆ ನಂಗೊತ್ತು ಅಂದೆ. ಆಕಡೆಯವನು ನಕ್ಕ. ತಿಂಡಿ ಸೇರಿ 2,900 ಅಂದ. ಟ್ಯಾಕ್ಸು ಸೇರಿಯಾ ಅಂತ ಕೇಳಿ, ವಾಟ್ಸಾಪಲ್ಲಿ ಬರೆಸ್ಕೊಂಡೆ. ಆದ್ರೆ ಅಡ್ವಾನ್ಸ್ ಹಾಕ್ಲಿಲ್ಲ. ಹೋಟೆಲ್ ಹೆಸರಲ್ಲಿ ಮ್ಯಾಪಲ್ಲಿ ತಮ್ಮ ನಂಬರ್ ಹಾಕಿ ದುಡ್ಡು ಹೊಡೆಯೋರಿದ್ದಾರೆ, ಅದಕ್ಕೆ ಅಣ್ಣಂಗೆ ಬೈಕಲ್ಲಿ ಹೋಗಿ ನೋಡು ಅಂದೆ. ಅವನು ಹೋಗಿ, ರೂಮು ಪರ್ವಾಗಿಲ್ಲ, ಲಿಫ್ಟು ಕೆಟ್ಟಿದೆ ಅಂದ. ಆಪಲ್ಲಿ ಲಿಫ್ಟ್ ಇದೆ ಅಂತಿತ್ತು, ಕೆಟ್ಟಿದೆ ಅಂತಿರ್ಲಿಲ್ಲ. ಅಮ್ಮನ ಮಂಡಿ ಲೆಕ್ಕ ಹಾಕಿ ಗ್ರೌಂಡ್ ಫ್ಲೋರ್ ರೂಮ್ ಬರೆಸಿ ಬಂದ, ದುಡ್ಡೂ ಅವನೇ ಕೊಟ್ಟ.

ಅಲ್ಲಿಗೆ ಮುಗೀತು ಅಂದ್ಕೊಂಡಿದ್ದೆ. ಅಪ್ಪ ದಿನಾ ಬೆಳಿಗ್ಗೆ ಕಾಫಿ ರೇಟು, ಮೆಣಸಿನ ರೇಟು ನೋಡೋ ಮನುಷ್ಯ, ಈಗ ಅದರ ಜೊತೆ 'ಕಣ್ಣೂರ್ ಇವತ್ತು ಎಷ್ಟು?' ಅಂತ ಸೇರ್ಕೊಂಡಿದೆ. ಗುರುವಾರ 7,800 ಆಗಿತ್ತು, ಮೆಣಸನ್ನ ಒಳ್ಳೇ ರೇಟಲ್ಲಿ ಮಾರಿದವರ ಥರ ತೋಟದ ಕೆಲಸದವರ ಇಡೀ ಲೈನ್ ಮನೆಗೆಲ್ಲ ಹೇಳ್ಕೊಂಡು ಬಂದ್ರು. ಮುಂದಿನ ಭಾನುವಾರ ನೋಡ್ತೀನಿ, 5,990. ಅಪ್ಪಂಗೆ ನಾನು ಹೇಳಿಲ್ಲ. ಕೇಳಿದಾಗೆಲ್ಲ ನೆಟ್‌ವರ್ಕ್ ಇಲ್ಲ ಅಂತೀನಿ, ಮಳೆಗಾಲ ಅಲ್ವಾ, ನಂಬ್ತಾ ಇದ್ದಾರೆ.