ಟ್ಯೂಬ್‌ಲೈಟಿನ ಕೆಳಗಿನ ಕಪ್ಪು

ತಮ್ಮನ ಸಂದರ್ಶನಕ್ಕೆ ಸೂಟಿನ ಬಟ್ಟೆ ಆರಿಸಲು ಇಂದು ಚಿಕ್ಕಪೇಟೆಗೆ ಹೋಗಿದ್ದೆವು.

ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಅಪ್ಪಟ ಕಪ್ಪಾಗಿ ಕಂಡ ಬಟ್ಟೆಯನ್ನು ಬಾಗಿಲ ಬಳಿ ಬಿಸಿಲಿಗೆ ಹಿಡಿದಾಗ ಅದು ಕಡುನೀಲಿಯೆಂಬುದು ತಿಳಿಯಿತು. ಬೀಳುವ ಬೆಳಕು ಬದಲಾದರೆ ಬಣ್ಣವೂ ಬದಲಾಗಿ ಕಾಣುವುದರಿಂದ, ಹಗಲಿನ ಸಂದರ್ಶನದ ಬಟ್ಟೆಯನ್ನು ಹಗಲಿನಲ್ಲೇ ನೋಡಬೇಕು.

ತಮ್ಮನಿಗೆ ಕಪ್ಪೇ ಬೇಕಿತ್ತು. ಆದರೆ ನಮ್ಮಲ್ಲಿ ಕಪ್ಪು ಕೋಟು ಎಂದೊಡನೆ ನೆನಪಾಗುವವರು ವಕೀಲರು, ಆಮೇಲೆ ರೈಲಿನ ಟಿಕೆಟ್ ಪರೀಕ್ಷಕರು, ಅವರನ್ನು ಬಿಟ್ಟರೆ ಆರತಕ್ಷತೆಯ ಮದುಮಗ. ಕಡುನೀಲಿಯಾದರೋ ಬಿಳಿ ಅಂಗಿಗೂ ತಿಳಿನೀಲಿ ಅಂಗಿಗೂ ಹೊಂದುತ್ತದೆ; ಕಪ್ಪಿನ ಮೇಲೆ ಎದ್ದು ಕಾಣುವ ಧೂಳು ಅದರ ಮೇಲೆ ಅಷ್ಟಾಗಿ ಕಾಣುವುದಿಲ್ಲ (ಬಸ್ಸಿನಲ್ಲಿ ಹೋಗುವವನಿಗೆ ಇದು ಸಣ್ಣ ಮಾತಲ್ಲ).

ಕಡುನೀಲಿಯನ್ನೇ ಕೊಂಡೆವು. ಬೂಟು ಕಪ್ಪೋ ಕಂದೋ ಎಂಬ ಚರ್ಚೆ ಮನೆಯಲ್ಲಿ ಇನ್ನೂ ನಡೆದಿದೆ.